ಕಪ್ಪು ಕಳೆದುಕೊಂಡ ಕಾವಲಿ

ಅಡುಗೆಮನೆಯ ಮಹಾರಾಣಿಗೆ, ಮನೆ ಕಾಯುತ್ತಿರುವ ನಿನ್ನ ಸೇನಾಪತಿಯ ಸಾಷ್ಟಾಂಗ ನಮಸ್ಕಾರ!

ನೀನು ಮಗಳ ಹೆರಿಗೆಗೆ ಹೋದಮೇಲೂ ಮನೆ ಕ್ಷೇಮ, ನಾನೂ ಕ್ಷೇಮ. ನಿನ್ನ ಕಾವಲಿ ಮಾತ್ರ... ಕೋಪ ಬೇಡ, ಪೂರ್ತಿ ಓದು.

ನೀನು ಬರುವಷ್ಟರಲ್ಲಿ ಪಾತ್ರೆಗಳೆಲ್ಲ ಫಳಫಳ ಹೊಳೆಯಬೇಕೆಂದು ಪಣ ತೊಟ್ಟೆ. ಬೀಡುಕಬ್ಬಿಣದ ಆ ಕಾವಲಿಯ ಕಪ್ಪು ಕಂಡು, "ಎಲೈ ಕೊಳೆಯೇ, ಇಂದಿಗೆ ನಿನ್ನ ಆಯುಷ್ಯ ಮುಗಿಯಿತು!" ಎಂದು ಗರ್ಜಿಸಿ, ಸೋಪು ಹಾಕಿ, ತಂತಿ ಬ್ರಷ್ಷಿನಿಂದ ಮಧ್ಯಾಹ್ನವಿಡೀ ಉಜ್ಜಿದೆ. ನಾಟಕದ ಕತ್ತಿಯಂತೆ ಹೊಳೆಯಿತು! ಎದುರುಮನೆ ಅಕ್ಕನಿಗೆ ಹೆಮ್ಮೆಯಿಂದ ತೋರಿಸಿದರೆ ಆಕೆ ಹಣೆ ಚಚ್ಚಿಕೊಂಡರು.

"ಅಯ್ಯೋ, ಅದು ಕೊಳೆ ಅಲ್ರೀ! ನಿಮ್ಮನೆಯವ್ರು ಮದುವೆಯಾದಾಗಿಂದ ಏನೂ ಅಂಟದ ಹಾಗೆ ಎಣ್ಣೆ ಉಣಿಸಿ ಉಣಿಸಿ ಪಳಗಿಸಿದ್ದು. ಅವ್ರು ಬಂದು ನೋಡ್ಲಿ, ನಿಮ್ಮ ಕೊನೇ ಅಂಕ ಅಲ್ಲೇ ಮುಗೀತು!"

ಮರುದಿನ ತುಕ್ಕು ಬೇರೆ ಹಿಡಿಯಿತು. ಅಂದಿನಿಂದ ಆಕೆ ಹೇಳಿಕೊಟ್ಟಂತೆ ತುಕ್ಕು ತೆಗೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಸವರಿ, ಮತ್ತೆ ಒರೆಸಿ, ಹೊಗೆಯಾಡುವವರೆಗೆ ಕಾಯಿಸುತ್ತಿದ್ದೇನೆ. ದಿನವೂ ಇದೇ ಪ್ರಯೋಗ. ಅದರ ಮೇಲೆ ಒಡೆದು ಹಾಕಿದ ಮೊದಲ ಮೊಟ್ಟೆ ಸಿಂಹಾಸನ ಬಿಡದ ಮುದಿರಾಜನಂತೆ ಕಚ್ಚಿಕೊಂಡು ಕೂತಿತು. ಇವತ್ತಿನದು ತಾನಾಗಿಯೇ ಜಾರಿ ತಟ್ಟೆಗೆ ಬಂತು. ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ!

ಮೊಮ್ಮಗಳ ಕತ್ತು ನಿಲ್ಲುವ ತನಕ ಅಲ್ಲೇ ಇರು, ಅವಸರವಿಲ್ಲ. ಹೊಸ ಕಾವಲಿ ಮಾತ್ರ ಕೊಂಡು ತರಬೇಡ. ಇದು ಈಗ ಕಂದುಬಣ್ಣಕ್ಕೆ ತಿರುಗಿದೆ. ನಿನ್ನ ಕೈಯಲ್ಲಿ ಬಂದಿದ್ದ ಆ ಕಪ್ಪು ಮರಳಲು ಇನ್ನೂ ಬಹಳ ವರ್ಷ ಬೇಕಂತೆ. ಅಷ್ಟೂ ವರ್ಷಕ್ಕೆ ನನ್ನ ಒಪ್ಪಿಗೆಯಿದೆ. ಅಡುಗೆ ನಿನ್ನದು, ಎಣ್ಣೆ ಸವರುವುದು ನನ್ನದು.

ಸೋಪನ್ನು ಕಾವಲಿಯ ಸೀಮೆಯಿಂದ ಗಡಿಪಾರು ಮಾಡಿರುವ,
ನಿನ್ನ ಗಂಡ