ಕಳೆದ ವರ್ಷದ ಸಂತಾಪ

ಜುಲೈ ೧೬, ಬುಧವಾರ

ಇವತ್ತು ಕೆಲಸ ಹೋಗುತ್ತದೆ ಎಂದುಕೊಂಡೇ ಪತ್ರಿಕಾ ಕಚೇರಿಗೆ ಹೋದೆ. ನಿನ್ನೆ ಸೇತುವೆ ಕುಸಿದ ಸುದ್ದಿ ಬಂದಾಗ ಪುಟ ಅಚ್ಚಿಗೆ ಹೋಗುವ ಹೊತ್ತು. ನಮ್ಮ ಡೆಸ್ಕಿನ ರೂಢಿಯಂತೆ ಕಳೆದ ವರ್ಷದ ಸೇತುವೆ ಸುದ್ದಿಯನ್ನೇ ತೆರೆದು ಊರು, ಹೊಳೆ, ಸತ್ತವರ ಹೆಸರು ಬದಲಿಸಿದೆ. ಕೊನೆಯಲ್ಲಿದ್ದ ಮಂತ್ರಿಗಳ ಸಂತಾಪ ಮಾತ್ರ ಹಾಗೇ ಉಳಿದುಬಿಟ್ಟಿತು: "ತೀವ್ರ ಆಘಾತವಾಗಿದೆ, ತಪ್ಪಿತಸ್ಥರನ್ನು ಬಿಡುವುದಿಲ್ಲ." ನಿನ್ನೆ ಆ ಮನುಷ್ಯ ಬಾಯೇ ಬಿಟ್ಟಿರಲಿಲ್ಲ.

ಬೆಳಿಗ್ಗೆಯೇ ಅವರ ಆಪ್ತ ಕಾರ್ಯದರ್ಶಿಯ ಫೋನ್ ಬಂತು.

"ಸಾಹೇಬರ ಹೇಳಿಕೆ ಚೆನ್ನಾಗಿ ಬಂದಿದೆ ಸಾರ್. ಬೇರೆ ಪೇಪರ್‌ನೋರಿಗೂ ಅದನ್ನೇ ಕಳಿಸ್ತಿದ್ದೀವಿ."

ಸಂಪಾದಕರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಡ್ರೀ, ಬದುಕಿಕೊಂಡ್ರಿ!"

ನಾನೂ ನಕ್ಕೆ. ಆದರೆ ಸಂಜೆ ಟೀವಿಯಲ್ಲಿ ಮಂತ್ರಿಗಳು ಅದೇ ಮಾತನ್ನು, ನಾನು ಅಲ್ಪವಿರಾಮ ಹಾಕಿದ ಕಡೆಯೇ ಗಂಟಲು ಸರಿಮಾಡಿಕೊಂಡು, ಒಪ್ಪಿಸಿದರು. ಆಮೇಲೆ ನಗು ಬರಲಿಲ್ಲ.

ಮನೆಗೆ ಬಂದರೆ ಅಕ್ಕ ಪೇಪರ್ ಹಿಡಿದು ಕೂತಿದ್ದಳು.

"ತಪ್ಪು ಮಾಡಿದೋರನ್ನ ಬಿಡಲ್ಲ ಅಂದಿದಾರಲ್ಲೋ. ಇನ್ನಾದ್ರೂ ನಮ್ಮ ಹಳೇ ಸೇತುವೆ ರಿಪೇರಿ ಆಗತ್ತೆ, ನೋಡ್ತಿರು."

ದಿನಾ ಅವಳ ಬಸ್ಸು ದಾಟುವುದು ಅದನ್ನೇ. "ಹ್ಞೂಂ" ಎಂದು ಕೈಕಾಲು ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಆಫೀಸಿನಿಂದ ಹೊರಡುವ ಮುಂಚೆ ಆ ಸುದ್ದಿಯನ್ನು ಮತ್ತೆ ಜೋಪಾನವಾಗಿ ಎತ್ತಿಟ್ಟು ಬಂದಿದ್ದೇನೆ. ಮುಂದಿನ ಸಲ ಸುಲಭವಾಗಲಿ ಎಂದು ಊರಿನ ಹೆಸರು, ಸತ್ತವರ ಹೆಸರು ಅಳಿಸಿ ಜಾಗ ಖಾಲಿ ಬಿಟ್ಟಿದ್ದೇನೆ. ಕೈ ತಾನಾಗಿಯೇ ಮಾಡಿತು. ಈಗ ಆ ಖಾಲಿ ಜಾಗವೇ ಕಣ್ಣ ಮುಂದೆ ಬರುತ್ತಿದೆ.

ಪಕ್ಕದ ಕೋಣೆಯಲ್ಲಿ ಅಕ್ಕ ಬೆಳಗಿನ ಬಸ್ಸಿಗೆ ಅಲಾರಂ ಇಡುತ್ತಿದ್ದಾಳೆ.