ಬಿಳಿಬೂಟು ಹೇಳದೇ ಹೋದ ಸಂಖ್ಯೆ

ಮಾರ್ಚ್ ೪, ಸಂಜೆ

ಈ ಭೂಮಿಯ ಮೇಲೆ ನಾನು ಸಾಣೆ ಹಿಡಿಯದ ಚೂರಿ ಇಲ್ಲ. ಮೂರು ದೇಶದ ರಾಜರ ಕತ್ತಿಗೆ ಹಿಡಿದಿದ್ದೇನೆ. ಅವರಲ್ಲೊಬ್ಬ ಸಿಂಹಾಸನದಿಂದ ಇಳಿದು ಬಂದು ನನ್ನ ಚಕ್ರದ ಪೆಡಲು ತುಳಿದು ನೋಡಿದ. ಬರಲಿಲ್ಲ, ಪಾಪ. ಇಂಥ ಕೈ ಇಟ್ಟುಕೊಂಡು ಮಾಂಸದ ಮಾರ್ಕೆಟ್ಟಿನ ಮೂಲೆಯಲ್ಲಿ ತಗಡಿನ ಶೆಡ್ಡಿನಲ್ಲಿ ಕೂತಿದ್ದೇನೆ. ನನ್ನ ದೊಡ್ಡತನ, ಇನ್ನೇನು.

ಇವತ್ತೂ ಎಂದಿನಂತೆ. ಅಂಗಡಿ ಮುಚ್ಚುವಾಗ ಎಲ್ಲರೂ ತಮ್ಮ ಚೂರಿಗಳನ್ನು ಶೆಡ್ಡಿನ ಮುಂದಿನ ಡಬ್ಬಕ್ಕೆ ಎಸೆದು ಹೋದರು. ಡಬ್ಬಕ್ಕೆ ಬೀಗವಿಲ್ಲ. ಸಾಣೆಯವನ ಡಬ್ಬದಿಂದ ಯಾರು ಕದಿಯುತ್ತಾರೆ? ಬೆಳಿಗ್ಗೆ ತೆಗೆಯುವುದು, ಸಾಣೆ ಹಿಡಿಯುವುದು, ಒಗೆಯುವ ಸೋಡಾ ಪುಡಿ ಕದಡಿದ ಬಿಸಿ ನೀರಿನ ಬಕೆಟ್ಟಿಗೆ ಮುಳುಗಿಸುವುದು. ಕೆಂಪು ಬಟ್ಟೆ ಸುತ್ತಿದ ಹಿಡಿಯದು ಅಕ್ಕನ ಮಗನದು. ಅಳಿಯ. ಕುರಿ ಕಡಿಯುವುದರಲ್ಲಿ ಅವನಂಥವನಿಲ್ಲ.

ಅವನಿಗೆ ಸ್ವಂತ ಅಂಗಡಿ ಬೇಕು. ಮೂರನೇ ಸಾಲಿನಲ್ಲಿ ಒಂದು ಖಾಲಿ ಬಿದ್ದಿದೆ. ಮುಂಗಡ ನನ್ನದು ಎಂದು ಅವನಿಗೆ ಮೀಸೆ ಮೂಡುವ ಮೊದಲೇ ಮಾತು ಕೊಟ್ಟಿದ್ದೆ. ಎರಡು ಲಕ್ಷ ಕೂಡಿಟ್ಟಿದ್ದೆ. ಅದು ಇವತ್ತು ಸೈಕಲ್ ಅಂಗಡಿ ಹಿಂದಿನ ಇಸ್ಪೀಟು ಕ್ಲಬ್ಬಿನಲ್ಲಿ ಹೋಯಿತು. ಅಷ್ಟೂ. ಹೊರಗೆ ಬಂದವನು ಮಾರ್ಕೆಟ್ಟಿನ ನಡುವೆ ನಿಂತು ಕೂಗಿದೆ —

"ಎರಡು ಲಕ್ಷ ಸೋತೆ ಕಣ್ರೋ! ಇಷ್ಟು ಸೋಲೋ ಯೋಗ್ಯತೆ ನಿಮ್ಮಲ್ಲಿ ಯಾರಿಗಾದ್ರೂ ಇದ್ಯಾ?"

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಅಳಿಯನ ಕಡೆ ನಾನು ನೋಡಲಿಲ್ಲ.

ಮಾರ್ಚ್ ೫, ಮಧ್ಯಾಹ್ನ

ಬಿಳಿಬೂಟು ಬಂದಿದ್ದ. ಕ್ಲಬ್ಬಿನ ಯಜಮಾನ. ಕರುಳು, ರಕ್ತ, ಕೊಚ್ಚೆ ತುಳಿದು ನಡೆಯುವ ಈ ಜಾಗಕ್ಕೆ ಬಿಳಿ ಬೂಟು ಹಾಕಿಕೊಂಡು ಬರುವ ಧೈರ್ಯ ಅವನೊಬ್ಬನಿಗೇ. ಬೆನ್ನಿಗೆ ಅವನ ತಮ್ಮ, ಎಂದಿನ ಹಾಗೆ ಮೂಗನಂತೆ.

"ಏನ್ ಸಾಣೆಯಪ್ಪಾ, ಎರಡು ಲಕ್ಷವಂತೆ? ನನ್ ಕ್ಲಬ್ಬಲ್ಲಿ?" ಎಂದು ಸೊಂಟದ ಮೇಲೆ ಕೈಯಿಟ್ಟು ನಗಾಡಿದ. "ಹೇಳಿಬಿಡ್ಲಾ ಇವರಿಗೆಲ್ಲ? ಹೇಳ್ಲಾ?"

ಅಷ್ಟರಲ್ಲಿ ಅಳಿಯ ಮಾಂಸ ಕಡಿಯುವ ಕೊರಡು ಬಿಟ್ಟು ಹಾರಿದ. ಬಿಳಿಬೂಟಿನ ಕೊರಳಪಟ್ಟಿ ಹಿಡಿದು ಕಂಬಕ್ಕೆ ಜಪ್ಪಿದ. ಕೊಕ್ಕೆಯಲ್ಲಿದ್ದ ಕುರಿ ಇಬ್ಬರ ನಡುವೆ ಗಿರ್ರನೆ ತಿರುಗಿತು. ಇನ್ನೊಮ್ಮೆ ಜಪ್ಪಿದ. ಒಂದು ಹಲ್ಲು ಉದುರಿ ಮಾಂಸದ ಚೂರುಗಳ ನಡುವೆ ಬಿತ್ತು.

"ಇನ್ನೊಂದ್ ಮಾತು ಆಡಿದ್ರೆ ನಾಲಿಗೆ ಕುಯ್ದು ನಿನ್ ಕೈಗೇ ಕೊಡ್ತೀನಿ!"

ಇಡೀ ಮಾರ್ಕೆಟ್ಟು ಕೇಳಿಸಿಕೊಂಡಿತು. ಎಳೆದಾಟದಲ್ಲಿ ಅಳಿಯನ ಹೆಬ್ಬೆರಳಿಗೆ ಅವನದೇ ಚೂರಿ ತಗಲಿತು. ಹಿಡಿಗೆ ಸುತ್ತಿದ ಬಟ್ಟೆ ತೊಯ್ದುಹೋಯಿತು. ಬಿಳಿಬೂಟು ಬಾಯಿ ಮುಚ್ಚಿಕೊಂಡು ಹೋದ.

ನನ್ನ ದುಡ್ಡಿಗಾಗಿ ಒಬ್ಬನ ಹಲ್ಲು ಬಿತ್ತು! ಎದೆ ಎರಡು ಗೇಣು ಉಬ್ಬಿತು.

ಮಾರ್ಚ್ ೬

ಪೆನ್ನು ಎರಡು ಸಲ ಕೆಳಗಿಟ್ಟೆ. ಚಳಿಗೆ.

ಬೆಳಿಗ್ಗೆ ಡಬ್ಬದ ಚೂರಿಗಳಿಗೆಲ್ಲ ಸಾಣೆ ಹಿಡಿದು ಮುಗಿಸಿದ್ದೆ. ಮೂಳೆ ಕೊಳ್ಳಲು ಬರುವವನ ಜೊತೆ ಹರಟುತ್ತ, ಯಾವುದನ್ನೂ ಸರಿಯಾಗಿ ನೋಡದೆ. ಎಲ್ಲವೂ ಸೋಡಾ ನೀರಿನಲ್ಲಿದ್ದವು. ಆಗ ಹಿಂದಿನ ಮೋರಿಯ ಕಡೆಯಿಂದ ಕಿರುಚಾಟ.

ಬಿಳಿಬೂಟು ಅಂಗಾತ ಬಿದ್ದಿದ್ದ. ದವಡೆಯ ಕೆಳಗೆ ಈ ಕಿವಿಯಿಂದ ಆ ಕಿವಿಗೆ ಬಾಯಿ ಬಿಟ್ಟಿತ್ತು. ನೊಣ. ಒಂದು ಬೂಟು ಕೆಂಪು, ಇನ್ನೊಂದು ಇನ್ನೂ ಬಿಳಿ. ಬಲಗೈ ಮುಷ್ಟಿಯಾಗಿತ್ತು. ಪೊಲೀಸರು ಬೆರಳು ಬಿಡಿಸಿದರು. ಅಂಗೈಯಲ್ಲಿ ನಾಲಿಗೆ.

ಇಡೀ ಮಾರ್ಕೆಟ್ಟು ಸೇರಿತ್ತು. ಎಲ್ಲರೂ ಅಳಿಯನ ಕಡೆ ತಿರುಗಿದರು.

ಡಬ್ಬ ಒಯ್ದರು. ಬಕೆಟ್ಟು ಒಯ್ದರು. ಕೆಂಪು ಬಟ್ಟೆಯ ಚೂರಿ ಒಯ್ದರು. ಅಳಿಯನನ್ನೂ.

ಮಾರ್ಚ್ ೯

ಸ್ಟೇಷನ್ನಿಗೆ ಕರೆಸಿದ್ದರು. ನನ್ನ ಬಾಯಿ ಬಿಡಿಸಲು ಇಡೀ ಠಾಣೆಯೇ ಬೇಕಾಯಿತು. ನಾನು ಜಗ್ಗಲಿಲ್ಲ... ಕಪಾಳಕ್ಕೆ ಎರಡು ಬಿದ್ದವು, ಅಷ್ಟೇ. ಮೂರನೆಯದು ಬೀಳುವ ಮೊದಲೇ ಎಲ್ಲ ಹೇಳಿದೆ. ಎರಡು ಲಕ್ಷ, ಅಂಗಡಿ, ಹಲ್ಲು.

ಪಕ್ಕದ ಕೋಣೆಯಲ್ಲಿ ಅಳಿಯ. ಅಂಗಾಲಿಗೆ ಹೊಡೆಯುತ್ತಿದ್ದರು. ಒದ್ದೆ ಚಕ್ಕಳ ಒಗೆದಂಥ ಸದ್ದು. ಅವನು "ನಾನಲ್ಲ" ಎನ್ನುತ್ತಿದ್ದ. ಆಮೇಲೆ ಅದೂ ಇಲ್ಲ.

ಇನ್ಸ್‌ಪೆಕ್ಟರ್ ಚಹಾ ಕುಡಿಯುತ್ತ, "ಎರಡು ಲಕ್ಷ ಅಂದ್ರೆ ಯಾರಾದ್ರೂ ಕೊಲ್ತಾರೆ ಬಿಡಿ" ಎಂದ. ಹೌದೆಂದು ತಲೆಯಾಡಿಸಿದೆ. ಯಾಕೆ ಆಡಿಸಿದೆನೋ.

ಮಾರ್ಚ್ ೧೦

ಅಕ್ಕ ಬಂದು ಶೆಡ್ಡಿನ ಮುಂದೆ ಕೂತಳು. "ನನ್ ಮಗ ಆ ರಾತ್ರಿ ಮನೇಲೇ ಮಲಗಿದ್ದ ಕಣೋ. ತಾಯಿ ಮಾತು ಯಾರೂ ಬರ್ಕೊಳ್ಳಲ್ಲ." ಸೈಕಲ್ ಅಂಗಡಿಯವನು ಬೇರೆ, ಹಲ್ಲು ಬಿದ್ದ ದಿನ ಮುಸ್ಸಂಜೆಗೆ ಅಳಿಯ ಕ್ಲಬ್ಬಿನ ಕಡೆ ಹೋದದ್ದು ಕಂಡೆ ಎಂದು ಬರೆಸಿದ್ದಾನಂತೆ. ಯಾಕೆ ಹೋಗಿದ್ದ ಎಂದು ಕೇಳಿದರೆ ಅಳಿಯ ಬಾಯಿ ಬಿಡುವುದಿಲ್ಲವಂತೆ.

ಆಗಸ್ಟ್ ೨೦, ಕೋರ್ಟಿನಿಂದ ಬಂದು

ನಾನು ಕಟಕಟೆ ಹತ್ತಿದರೆ ನ್ಯಾಯಾಧೀಶರೇ ನೆಟ್ಟಗೆ ಕೂರುತ್ತಾರೆ. ಇವತ್ತು ಕೂತರು. (ಫ್ಯಾನು ನಿಂತು ಸೆಖೆಯಾಗಿತ್ತು.)

ಮೊದಲು ಪ್ರಯೋಗಾಲಯದವನು. ಚೂರಿಯ ಹಿಡಿಯ ಬಟ್ಟೆಯಲ್ಲಿ ಮನುಷ್ಯನ ರಕ್ತ, ಬಿ ಗುಂಪು ಎಂದ. ಸತ್ತವನದೂ ಬಿ. ಅಳಿಯನದೂ ಬಿ. ಯಾರದೆಂದು ಬಿಡಿಸಿ ಹೇಳಬೇಕಾದ ಡಿಎನ್‌ಎ ಮಾತ್ರ ಸಿಗಲಿಲ್ಲ, ಬಿಸಿ ಸೋಡಾ ನೀರಿನಲ್ಲಿ ಕೆಟ್ಟುಹೋಗಿದೆ ಎಂದ. ನನ್ನ ಸೋಡಾ ನೀರು! ಅಷ್ಟು ಖಡಕ್ ಇರುತ್ತದೆ. ಹೆಮ್ಮೆಯಿಂದ ಸುತ್ತ ನೋಡಿದೆ. ಅಕ್ಕ ಸೆರಗು ಕಚ್ಚಿಕೊಂಡಿದ್ದಳು.

ಆಮೇಲೆ ನಾನು. ಸರ್ಕಾರಿ ವಕೀಲ ಹೆಣದ ಫೋಟೊ ತೋರಿಸಿದ. "ಇಂಥ ಗಾಯ ಸಾಮಾನ್ಯ ಮನುಷ್ಯ ಮಾಡೋಕಾಗುತ್ತಾ?"

"ಎಲ್ಲಿ ಸ್ವಾಮಿ! ಒಂದೇ ಎಳೆತ. ಎಲ್ಲೂ ಚಿಂದಿಯಾಗಿಲ್ಲ. ಹೀಗೆ ಕುಯ್ಯೋನು ಈ ಮಾರ್ಕೆಟ್ಟಲ್ಲಿ ಒಬ್ಬನೇ, ನನ್ನ ಅಳಿಯ. ಕಲಿಸಿದ್ದು ನಾನೇ."

ಹೇಳಿ ಮುಗಿಸಿದ ಮೇಲೆ ಕೇಳಿಸಿತು, ನಾನು ಏನು ಹೇಳಿದೆ ಎಂದು.

"ಆವತ್ತು ಎಷ್ಟು ಸೋತಿದ್ರಿ?"

ಅಳಿಯ ನನ್ನನ್ನೇ ನೋಡುತ್ತಿದ್ದ. ಕಣ್ಣು ಮಿಟುಕಿಸದೆ. ಏನೋ ಕಾಯುತ್ತಿರುವಂತೆ. ಮಾರ್ಕೆಟ್ಟಿನ ಅರ್ಧ ಜನ ಹಿಂದಿನ ಬೆಂಚುಗಳಲ್ಲಿದ್ದರು.

"ಎರಡು ಲಕ್ಷ" ಎಂದೆ.

ಅಳಿಯ ತಲೆ ತಗ್ಗಿಸಿದ.

ಸೆಪ್ಟೆಂಬರ್ ೨

ಜೀವಾವಧಿ.

ಜನವರಿ ೧೭

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಚೂರಿಗಳು ಬರುತ್ತವೆ, ಹೋಗುತ್ತವೆ. ಬಿಳಿಬೂಟಿನ ಕ್ಲಬ್ಬಿಗೆ ಈಗ ಅವನ ತಮ್ಮ ಯಜಮಾನ. ಮೂಗನಿಗೆ ಮಾತು ಬಂದಿದೆ. ಬಿಳಿ ಬೂಟೂ ಬಂದಿದೆ.

ಅಪೀಲಿಗೆ ಹೊಸ ವಕೀಲಮ್ಮ. ಅಕ್ಕ ಹಿಡಿದು ತಂದವಳು. ನನ್ನ ಮಗಳ ವಯಸ್ಸು, ನನ್ನ ಅಜ್ಜಿಯ ಗದರಿಕೆ. ಕಡತ ಬಿಚ್ಚಿಟ್ಟು ಹೇಳಿದಳು —

"ಕೊಲೆ ಮಾಡಿದ್ದು ಕಂಡವರು ಒಬ್ರೂ ಇಲ್ಲ ಯಜಮಾನ್ರೇ. ಇರೋದೆಲ್ಲ ಸಾಂದರ್ಭಿಕ ಸಾಕ್ಷ್ಯ. ರಕ್ತ ಅವನದೇ ಇರಬಹುದು, ಬೆರಳು ಕುಯ್ದಿತ್ತು. ಚೂರಿ ಬೀಗ ಇಲ್ಲದ ಡಬ್ಬದಲ್ಲಿತ್ತು, ಯಾರು ಬೇಕಾದ್ರೂ ತೆಗೆದು ಮತ್ತೆ ಹಾಕಬಹುದು. ನಾಲಿಗೆ ಮಾತು ಊರೆಲ್ಲ ಕೇಳಿದೆ, ಯಾರು ಬೇಕಾದ್ರೂ ಹಾಗೇ ಮಾಡಿ ಇವನ ತಲೆಗೆ ಕಟ್ಟಬಹುದು. ಒಂದೊಂದೂ ಬಿಡಿ ಮಣಿ. ಇವನ್ನೆಲ್ಲ ಸರ ಮಾಡಿರೋ ದಾರ ಯಾವುದು ಗೊತ್ತಾ? ನಿಮ್ಮ ಎರಡು ಲಕ್ಷ. ದುಡ್ಡಿನ ದ್ವೇಷ."

"ದೊಡ್ಡ ಮೊತ್ತವಮ್ಮ" ಎಂದೆ.

"ಎಲ್ಲಿತ್ತು? ಬ್ಯಾಂಕಲ್ಲಾ?"

"ನಮ್ಮಂಥವರು ಬ್ಯಾಂಕಿಗೆ ಹೋದ್ರೆ ಬ್ಯಾಂಕಿಗೇ ಮುಜುಗರ."

ಅವಳು ನಗಲಿಲ್ಲ. ಅಕ್ಕ ನನ್ನ ಮುಖ ನೋಡುತ್ತ ಕೂತಿದ್ದಳು.

ಫೆಬ್ರವರಿ ೩

ಜೈಲಿಗೆ ಹೋಗಿದ್ದೆ. ಮೊದಲ ಸಲ. ಇಷ್ಟು ದಿನ ಮೊಣಕಾಲು ನೋವಿತ್ತು.

ಜಾಲರಿಯ ಆಚೆ ಅಳಿಯ. ಒಂದು ಕಣ್ಣು ಮುಚ್ಚಿಹೋಗಿದೆ, ನೇರಳೆ ಬಣ್ಣ. ಕಿವಿಯ ತುದಿ ಇಲ್ಲ. ಒಳಗೆ ಬಿಳಿಬೂಟಿನ ಕಡೆಯವರು ಇದ್ದಾರೆ. ಸ್ನಾನದ ಕೋಣೆಯಲ್ಲಿ ಹಿಡಿದು ಗೋಡೆಗೆ ಉಜ್ಜಿದರಂತೆ, ಕಿವಿ ಕಚ್ಚಿ ಕಿತ್ತರಂತೆ. ಮುಂದಿನ ಸಲ ನಾಲಿಗೆ ಎಂದಿದ್ದಾರಂತೆ. ಅಂಗಡಿ ವ್ಯಾಪಾರ ಹೇಳುವವನ ಹಾಗೆ ಹೇಳಿದ.

"ಎರಡು ಲಕ್ಷಕ್ಕೋಸ್ಕರ ಇಷ್ಟೆಲ್ಲ ಆಯ್ತಲ್ಲೋ ಅಳಿಯಾ" ಎಂದೆ. ಏನಾದರೂ ಹೇಳಬೇಕಿತ್ತು.

ಅವನು ಜಾಲರಿಗೆ ಮುಖ ಒತ್ತಿದ.

"ಮಾವ. ಆವತ್ತು ನಿನ್ನ ಊಟಕ್ಕೆ ಕರೆಯೋಕೆ ಕ್ಲಬ್ಬಿಗೆ ಬಂದಿದ್ದೆ. ಕಿಟಕಿ ಹತ್ರಾನೇ ನಿಂತಿದ್ದೆ. ನೀನು ಸೋತಿದ್ದು ಎಷ್ಟು ಅಂತ ನೋಡಿದೀನಿ."

ನಾನು ಜಾಲರಿಯ ತುಕ್ಕು ಕೆರೆದೆ.

"ನಿನ್ ಹತ್ರ ಎರಡು ಲಕ್ಷ ಯಾವತ್ತೂ ಇರ್ಲಿಲ್ಲ ಅಂತ ನಂಗೆ ಯಾವಾಗ್ಲೋ ಗೊತ್ತು. ಇರ್ಲಿ ಬಿಡು, ಅಂಗಡಿ ನಾನೇ ಮಾಡ್ಕೋತಿದ್ದೆ. ಆದ್ರೆ ಅವನು ಎಲ್ಲರ ಮುಂದೆ ಆ ಸಂಖ್ಯೆ ಹೇಳೋಕೆ ಬಾಯಿ ತೆಗೆದ್ನಲ್ಲ... ಅದಕ್ಕೆ ಹಿಡ್ಕೊಂಡೆ. ಅದಾದ ಸಾಯಂಕಾಲ ಕ್ಲಬ್ಬಿಗೆ ಹೋಗಿದ್ದೂ ಅದಕ್ಕೇ. ಯಾರಿಗೂ ಹೇಳಬೇಡಪ್ಪ ಅಂತ ಕಾಲು ಹಿಡಿಯೋಕೆ. ಬಾಗಿಲು ತೆಗೀಲಿಲ್ಲ. ವಾಪಸ್ ಬಂದೆ."

"ಕೋರ್ಟಲ್ಲಿ ಯಾಕೋ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಾ ಇದ್ದೆ."

ಹೊತ್ತಾಯಿತೆಂದು ಅವನನ್ನು ಎಬ್ಬಿಸಿಕೊಂಡು ಹೋದರು. ಹಿಂದಿನಿಂದ ನೋಡಿದೆ. ಎಡಗಾಲು ಎಳೆಯುತ್ತಾನೆ.

ಫೆಬ್ರವರಿ ೪

ವಕೀಲಮ್ಮನಿಗೆ ಹೇಳಿದೆ. ಎಲ್ಲ ಅಲ್ಲ. ಕಡಿಮೆ ಇತ್ತು ಎಂದೆ.

ಅವಳು ಎದ್ದೇ ನಿಂತಳು. "ಹಾಗಾದ್ರೆ ಅವನು ಕೊರಳಪಟ್ಟಿ ಹಿಡಿದಿದ್ದು ದುಡ್ಡಿಗಲ್ಲ, ನಿಮ್ಮ ಮಾನಕ್ಕೆ! ದಾರಾನೇ ಕಿತ್ತುಬರುತ್ತೆ. ಅಪೀಲಲ್ಲಿ ಹೊಸ ಸಾಕ್ಷಿ ಸುಲಭಕ್ಕೆ ಒಪ್ಪಲ್ಲ, ಆದ್ರೂ ಅರ್ಜಿ ಹಾಕ್ತೀನಿ. ಆವತ್ತು ನಿಮ್ ಜೊತೆ ಇಸ್ಪೀಟು ಆಡಿದವರಲ್ಲಿ ಇಬ್ಬರು, ನೀವು ಬಾಯಿ ಬಿಟ್ರೆ ನಾವೂ ಬಿಡ್ತೀವಿ ಅಂದಿದಾರೆ. ಅಫಿಡವಿಟ್ಟಿಗೆ ಸಂಖ್ಯೆ ಬೇಕು. ಎಷ್ಟು?"

"ನಾಡಿದ್ದು ಹೇಳ್ತೀನಿ."

"ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿಮ್ಮ ಮೇಲೂ ಕೇಸಾಗಬಹುದು. ಗೊತ್ತಿರಲಿ."

ಕೇಸಿಗೆ ಹೆದರುವವನಾ ನಾನು? ಸಂಜೆ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ಹೇಳಿದೆ, "ನಾಡಿದ್ದು ನಾನು ಬಾಯಿ ಬಿಟ್ರೆ ದೊಡ್ಡ ಕೋರ್ಟೇ ಅಲ್ಲಾಡತ್ತೆ!" ಏನು, ಎಂತು ಎಂದು ಕೇಳಿದರು. ಮೀಸೆ ತಿರುವಿ ಬಂದೆ.

ಫೆಬ್ರವರಿ ೫, ಆಸ್ಪತ್ರೆಯಿಂದ ಬಂದು

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದಂತಿದೆ.

ಹಗಲು ಹೊತ್ತಿನಲ್ಲೇ ಬಂದರು. ಬಿಳಿಬೂಟಿನ ತಮ್ಮ, ಜೊತೆಗೆ ಇಬ್ಬರು. ಶೆಡ್ಡಿನ ತಗಡು ಎಳೆದು ಮುಚ್ಚಿದರು. ಅವನೇ ನನ್ನ ಸ್ಟೂಲಿನ ಮೇಲೆ ಕೂತು ಪೆಡಲು ತುಳಿದ. ಚಕ್ರ ಜೋರಾಗಿ ತಿರುಗಿತು.

"ಎರಡು ಲಕ್ಷ ಅಂತ ಪ್ರಮಾಣ ಮಾಡಿ ಹೇಳಿದೀಯ. ದೊಡ್ಡ ಮನುಷ್ಯ ನೀನು. ಮಾತು ಬದಲಾಯಿಸಬಾರದು."

ಇಬ್ಬರು ನನ್ನ ಬಲಗೈ ಹಿಡಿದು ತೋರುಬೆರಳನ್ನು ಕಲ್ಲಿಗೆ ಇಟ್ಟರು. ಉಗುರು ಮೊದಲು ಹೋಯಿತು. ಆಮೇಲೆ ಮಾಂಸ. ಆಮೇಲೆ ಕಲ್ಲಿನ ಸದ್ದು ಬದಲಾಯಿತು. ಆ ಸದ್ದು ನನಗೆ ಗೊತ್ತು, ಮೂಳೆಯ ಹಿಡಿಗಳಿಗೆ ಸಾಣೆ ತಗಲಿದಾಗ ಬರುವ ಸದ್ದು. ಕಿರುಚಿದೆ. ಸಿಂಹದ ಹಾಗಲ್ಲ. ಕುರಿಯ ಹಾಗೆ. ಪಕ್ಕದ ಅಂಗಡಿಯವರಿಗೆ ಕುರಿಯೆಂದೇ ಅನಿಸಿರಬೇಕು, ಯಾರೂ ಬರಲಿಲ್ಲ.

ಹೋಗುವಾಗ ಅವನು ಬೂಟಿಗೆ ಸಿಡಿದ ರಕ್ತವನ್ನು ನನ್ನ ಪಂಚೆಗೇ ಒರೆಸಿದ. ಕಾಲಿನಿಂದ ಡಬ್ಬ ತಳ್ಳಿ ನಕ್ಕ.

"ಇದಕ್ಕೆ ಬೀಗ ಹಾಕಿರ್ಬೇಕಿತ್ತು ಮುದುಕಾ."

ಅಕ್ಕ ಬಂದು ಆಸ್ಪತ್ರೆಗೆ ಕರೆದೊಯ್ದಳು. ಕಟ್ಟು ಹಾಕಿಸಿಕೊಂಡು ಹೊರಗೆ ಬಂದ ಮೇಲೆ ಒಂದೇ ಮಾತು —

"ತಮ್ಮಾ, ನೀನು ಆನೆ ನುಂಗಿದೆ ಅಂದ್ರೂ ಚಿಕ್ಕೋನಿದ್ದಾಗಿಂದ ಹೂಂ ಅಂತಾನೇ ಬಂದಿದೀನಿ. ನನ್ ಮಗನ ವಿಷಯದಲ್ಲಿ ಹೂಂ ಅನ್ನೋಕಾಗಲ್ಲ ಕಣೋ."

ಫೆಬ್ರವರಿ ೬, ಬೆಳಿಗ್ಗೆ

ಹನ್ನೊಂದಕ್ಕೆ ವಕೀಲಮ್ಮನ ಆಫೀಸು. ಅಕ್ಕ ಹೊರಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ.

ಹೋಗುವ ಮೊದಲು ಇಲ್ಲಿ ಬರೆದು ನೋಡುತ್ತೇನೆ. ಇಲ್ಲಿಯೇ ಬರದಿದ್ದರೆ ಅಲ್ಲಿ ಬಾಯಲ್ಲಿ ಬರುವುದಿಲ್ಲ. ಯಾರೂ ಓದದ ಈ ಪುಸ್ತಕದಲ್ಲೂ ಎರಡು ಲಕ್ಷ ಎಂದೇ ಬರೆದಿದ್ದೇನಲ್ಲ! ಯಾರಿಗೆ ಹೆದರಿದ್ದೆನೋ.

ಆವತ್ತು ಸೋತದ್ದು ಇಪ್ಪತ್ತು ಸಾವಿರ.

ಅಲ್ಲ.

ಎರಡು ಸಾವಿರ.

ಅಲ್ಲ. ಅಕ್ಕ ಕರೆಯುತ್ತಿದ್ದಾಳೆ. ಬೆರಳು ಮಿಡಿಯುತ್ತಿದೆ. ಅಳಿಯನ ಇನ್ನೊಂದು ಕಿವಿ ಇನ್ನೂ ಇದೆ, ನಾಲಿಗೆ ಇನ್ನೂ ಇದೆ.

ಅರವತ್ತು. ಸಾವಿರವಲ್ಲ, ನೂರಲ್ಲ. ಬರೀ ಅರವತ್ತು. ಅದರಲ್ಲೂ ನನ್ನದು ನಲವತ್ತೇ. ಇನ್ನಿಪ್ಪತ್ತು, ಬಕೆಟ್ಟಿಗೆ ಸೋಡಾ ಪುಡಿ ತಾ ಮಾವ ಎಂದು ಬೆಳಿಗ್ಗೆ ಅವನೇ ನನ್ನ ಜೇಬಿಗೆ —