ಮಣ್ಣಿನಡಿಯ ಮರದ ಅಂಟು

ಮನೆಯಿಂದ,
ತಾರೀಖು ಹನ್ನೆರಡು, ಭಾನುವಾರ

ಪ್ರೀತಿಯ ಮೊಮ್ಮಗಳು ಚೂಟಿಗೆ,

ನಿನ್ನಜ್ಜಿ ತಲೆ ಸವರಿ ಹರಸಿದಳೆಂದು ತಿಳಿ. ಹೇಗಿದ್ದೀಯಮ್ಮಾ? ಆ ಕೆಮ್ಮು ಹೋಯಿತೋ, ಇಲ್ಲಾ ಅದನ್ನೂ ಸೀಸೆಗೆ ಹಾಕಿ ಪರೀಕ್ಷೆ ಮಾಡುತ್ತಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮಂಡಿನೋವು ಹಾಗೇ ಇದೆ, ನಿನ್ನಪ್ಪನ ಗೊಣಗಾಟವೂ ಹಾಗೇ ಇದೆ. ಎರಡಕ್ಕೂ ಮದ್ದು ಸಿಕ್ಕಿಲ್ಲ.

ನಿನ್ನ ಕಾಗದ ಬಂತು. ನಾನು ಕಳಿಸಿದ ಮರದ ತುಂಡಿನಲ್ಲಿ ಯಾರೂ ಕಾಣದ್ದು ಸಿಕ್ಕಿದೆ, ಮುಂದಿನ ತಿಂಗಳು ದೊಡ್ಡ ವಿಜ್ಞಾನಿಗಳ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ ಎಂದು ಬರೆದಿದ್ದೀಯ. ನಾಲ್ಕು ಸಲ ಓದಿದೆ. ಮರ ತನ್ನ ಗಾಯಕ್ಕೆ ತಾನೇ ಸುರಿಸಿಕೊಂಡ ಅಂಟು, ಮಣ್ಣಿನಡಿ ಸಾವಿರಾರು ವರ್ಷ ಒಂದೊಂದೇ ಚೂರು ಕಳಚಿಕೊಳ್ಳುತ್ತಾ ಬೇರೆಯೇ ಆಗುತ್ತದಂತೆ. ಆದರೂ ಒಳಗಿನ ಚೌಕಟ್ಟು ಉಳಿದು, ಅದು ಯಾವ ಮರದ ಕುಲ ಎಂದು ಹೇಳುತ್ತದಂತೆ. ಹಲ್ಲು, ಕೂದಲು ಎಲ್ಲ ಉದುರಿದರೂ ನನ್ನ ಮೂಗು ನೋಡಿ 'ಇವಳು ಇಂಥವರ ಮಗಳು' ಅನ್ನುತ್ತಾರಲ್ಲ, ಹಾಗೇ ಇರಬೇಕು ಅಂದುಕೊಂಡೆ. ಈ ತುಂಡಿನಲ್ಲಿ ಮಾತ್ರ ಆ ಮಾಗಿದ ಅಂಟಿನ ಜೊತೆಗೆ ನಿನ್ನೆ ಮೊನ್ನೆ ಸೋರಿದಂಥ ಹಸಿ ಅಂಟೂ ಹಾಗೇ ಉಳಿದಿದೆ, ಅದೇ ದೊಡ್ಡ ಸೋಜಿಗ ಎನ್ನುತ್ತೀಯ.

ಹಸಿ ಅಂಟಿನ ಮಾತು ಹಾಗಿರಲಿ. ನನಗೆ ಆ ಮರವೇ ಸೋಜಿಗ ಕಣೇ. ಹಿತ್ತಲಲ್ಲಿ ಬಾವಿ ತೋಡುವಾಗ ಮೂವತ್ತಡಿ ಕೆಳಗೆ, ಕಪ್ಪು ಜೇಡಿಮಣ್ಣಿನಲ್ಲಿ ದಿಮ್ಮಿಯ ತುದಿ ಇದ್ದಿಲಿನ ಹಾಗೆ ಚಾಚಿಕೊಂಡಿತ್ತು. ನಿನ್ನಪ್ಪ, "ಒಲೆಗೂ ಬೇಡ, ಕಡಿದು ಎಸೀರಿ" ಅಂದ. ಬಡಗಿ ಇಳಿದು ಗರಗಸ ಹಾಕಿದ. ನಾಲ್ಕು ಎಳೆತಕ್ಕೆ ವಾಸನೆ ಬಾವಿಯ ಬಾಯಿವರೆಗೆ ಎದ್ದು ಬಂತು ನೋಡು! ಅವನು ಕೆಳಗಿನಿಂದಲೇ, "ಅಜ್ಜೀ, ಇದು ನಿನ್ನೆ ಕಡಿದ ಮರ ಇದ್ದ ಹಾಗಿದೆಯಲ್ಲ!" ಎಂದು ಕೂಗಿದ. "ಹೌದಪ್ಪಾ, ನಾನೇ ಕಡಿದು ಮೂವತ್ತಡಿ ಹೂತಿಟ್ಟೆ" ಅಂದೆ. ಬಾಯಿ ಹಾಗೆ ಆಡಿತೇ ಹೊರತು ಮೈಯೆಲ್ಲ ಜುಮ್ಮೆಂದಿತ್ತು. ಆ ಮರ ನಿಂತಿದ್ದಾಗ ಅದಕ್ಕೊಂದು ಹೆಸರಿಡಲು ಇಲ್ಲಿ ಮನುಷ್ಯರಿದ್ದರೋ ಇಲ್ಲವೋ. ಯಾವ ಗಾಳಿಗೆ ಕೊಂಬೆ ಮುರಿಯಿತೋ, ಯಾವ ಮೃಗ ತೊಗಟೆ ಕೆರೆಯಿತೋ. ಅವತ್ತಿನ ನೋವಿಗೆ ಅದು ಹಚ್ಚಿಕೊಂಡ ಮದ್ದಿನ ವಾಸನೆ ಇವತ್ತು ನನ್ನ ಬಟ್ಟೆಗೆ ಅಂಟಿತಲ್ಲೇ! ಮೂರು ದಿನ ಆ ಬಟ್ಟೆ ಒಗೆಯಲು ಬಿಡಲಿಲ್ಲ. ನಿನ್ನಮ್ಮ ಮೂಗು ಮುರಿದಳು, ಮುರಿಯಲಿ.

ಚೆನ್ನಾಗಿರು. ನಿನ್ನ ಕಣ್ಣು, ಕೈ, ಬುದ್ಧಿ ಮೂರೂ ಚುರುಕಾಗಿರಲಿ. ನಿನ್ನ ಕೋಣೆಯ ಗೆಳತಿಗೂ ನನ್ನ ಆಶೀರ್ವಾದ ಹೇಳು.

ಇಂತಿ,
ನಿನ್ನ ಅಜ್ಜಿ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಹೇಳಲು ನಾಲಿಗೆ ಏಳದೆ ಇಷ್ಟು ಹೊತ್ತು ಸುತ್ತಿ ಬಳಸಿದೆ. ಆ ತುಂಡು ಒಣಗಿ ಬಿರುಕು ಬಿಡುತ್ತಿತ್ತು. ಮೊಮ್ಮಗಳಿಗೆ ಹಾಗೇ ಕಳಿಸುವುದಾ ಎಂದು ಬಾಗಿಲಿಗೆ ಬಳಿಯುವ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜಿದ್ದೆ. ನಿನ್ನ ಕಾಗದ ಓದಿದ ಮೇಲೆ ಬಡಗಿಯನ್ನು ಕೇಳಿದರೆ, ಅದರಲ್ಲಿ ಟರ್ಪೆಂಟೈನ್ ಇದೆಯಂತೆ, ಅದನ್ನು ಮರದ ಅಂಟಿನಿಂದಲೇ ಇಳಿಸುತ್ತಾರಂತೆ. ನಿನ್ನ ಹಸಿ ಅಂಟು ಅದೇ ಇರಬೇಕು ಕಣೇ. ಸಭೆಯಲ್ಲಿ ಬಾಯಿ ಬಿಡಬೇಡ. ಎಣ್ಣೆಯ ಡಬ್ಬಿಯನ್ನೂ ಕಳಿಸಿದ್ದೇನೆ, ಮೊದಲು ಅದನ್ನು ಪರೀಕ್ಷೆ ಮಾಡು. ಉಳಿದ ದಿಮ್ಮಿ ಇನ್ನೂ ಜೇಡಿಯೊಳಗೇ ಇದೆ, ಬಾವಿ ಕೆಲಸ ನಿಲ್ಲಿಸಿದ್ದೇನೆ. ನೀನೇ ಬಂದು ನಿನ್ನ ಕೈಯಾರೆ ತೆಗೆ. ನಾನು ದೂರ ನಿಂತು ನೋಡುತ್ತೇನೆ, ಮುಟ್ಟುವುದಿಲ್ಲ.